ಲಾನಿಗೆ ಕುರಿಮಂದೆ ನಿಲ್ಲಿಸಿದ್ದು

ನಮ್ಮ ಕ್ಯಾಂಪಸ್ಸಿನಲ್ಲಿ ನೆರಳು ಅಂತ ಇದ್ದದ್ದು ನೀರಿನ ಟ್ಯಾಂಕಿನ ಕೆಳಗೆ ಮಾತ್ರ. ತರೀಕೆರೆ, ಅಜ್ಜಂಪುರ, ಯಗಟಿ ಕಡೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುವ ಹುಡುಗಿಯರು ತರಗತಿ ಶುರುವಾಗುವವರೆಗೆ ಅಲ್ಲೇ ಕೂರುತ್ತಿದ್ದರು, ಮಧ್ಯಾಹ್ನ ಅಲ್ಲೇ ಡಬ್ಬಿ ಬಿಚ್ಚುತ್ತಿದ್ದರು. ಬಿಸಿಲು ತಿರುಗಿದ ಹಾಗೆ ಟ್ಯಾಂಕಿನ ನೆರಳೂ ತಿರುಗುತ್ತಿತ್ತು, ಇವರೂ ಚೀಲ ಎಳೆದುಕೊಂಡು ಅದರ ಹಿಂದೆ ಸರಿಯುತ್ತಿದ್ದರು. ಮೇಲೆ ಟ್ಯಾಂಕು ತುಂಬಿ ಚೆಲ್ಲಿದರೆ ನೀರು ಇವರ ಅನ್ನದ ಮೇಲೆಯೇ ಬೀಳುತ್ತಿತ್ತು.

ಕಡೂರಿಗೂ ಅಜ್ಜಂಪುರಕ್ಕೂ ನಡುವೆ, ಹಿಂದೆ ದನ ಮೇಯುತ್ತಿದ್ದ ಗೋಮಾಳದಲ್ಲಿ ಎದ್ದು ನಿಂತ ಕ್ಯಾಂಪಸ್ಸು ಅದು. ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ಕಟ್ಟಡಗಳು ಬಂದವು, ಕಾಂಪೌಂಡು ಬಂತು, ಮರ ಮಾತ್ರ ಬರಲಿಲ್ಲ. ಒಂದು ದಿನ ನಮ್ಮ ನಿರ್ದೇಶಕರು ಸಭೆಯಲ್ಲಿ, "ವಿದ್ಯಾರ್ಥಿಗಳಿಗೆ ಕೂರೋಕೆ ಒಂದು ಹಸಿರು ಜಾಗ ಮಾಡಬೇಕು ಕಣ್ರೀ. ಸಸ್ಯಶಾಸ್ತ್ರದೋರು ನೀವಿದ್ದೀರಲ್ಲ, ನೀವೇ ನೋಡ್ಕೊಳ್ಳಿ" ಎಂದು ನನ್ನ ಕಡೆ ಕೈ ತೋರಿಸಿದರು. ನನಗೆ ಒಳಗೊಳಗೇ ಖುಷಿಯಾಯಿತು, ಹೊರಗೆ ಮಾತ್ರ ಕೆಲಸ ತಲೆಗೆ ಕಟ್ಟಿದರು ಅನ್ನುವ ಮುಖ ಮಾಡಿದೆ.

ನನ್ನ ಜಂಬಕ್ಕೆ ಕಾರಣವಿತ್ತು. ನಾನು ಪಂಚನಹಳ್ಳಿ ಕಡೆಯ ಬೇಸಾಯದ ಮನೆಯವನು. ಹೊಲ ಅಣ್ಣ ನೋಡಿಕೊಳ್ಳುತ್ತಾನೆ, ರಜೆಯಲ್ಲಿ ಹೋಗಿ ಬದುವಿನ ಮೇಲೆ ನಿಂತು ಬರುವವನು ನಾನು. ಆದರೂ ಸ್ಟಾಫ್ ರೂಮಿನಲ್ಲಿ ಮಣ್ಣಿನ ಮಾತು ಬಂದರೆ ಬೇರೆಯವರಿಗೆ ಬಾಯಿ ತೆಗೆಯಲು ಬಿಡುತ್ತಿರಲಿಲ್ಲ. ಊರಿನಲ್ಲಿ ಮೇಷ್ಟ್ರು, ಕಾಲೇಜಿನಲ್ಲಿ ರೈತ ಎಂದು ಅಣ್ಣ ಗೇಲಿ ಮಾಡುತ್ತಿದ್ದದ್ದು ಸುಮ್ಮನೆ ಅಲ್ಲ.

ಜಾಗ ನೋಡಿದೆವು. ಗ್ರಂಥಾಲಯದ ಎದುರಿನ ಬಯಲು. ಸುತ್ತ ಹೊಂಗೆ, ಬೇವು ಹಾಕುವುದು, ಅವು ಬೆಳೆದು ನೆರಳು ಕೊಡಲು ವರ್ಷಗಳು ಬೇಕು, ಅಲ್ಲಿಯವರೆಗೆ ಬೆಳಗ್ಗೆ ಸಂಜೆಯಾದರೂ ಕೂರಲು ನಡುವೆ ಅಗಲವಾದ ಲಾನು. ನಿರ್ದೇಶಕರಿಗೆ ದೊಡ್ಡ ಹೋಟೆಲುಗಳ ಮುಂದೆ ಇರುವಂಥ ಮೆತ್ತನೆ ಹುಲ್ಲು ಬೇಕಿತ್ತು. ನಮ್ಮ ಬೋರ್‌ವೆಲ್ಲಿನ ನೀರಿಗೆ ಅದು ಬದುಕದು, ಗರಿಕೆಯೇ ಸಾಕು ಎಂದು ನಾನು ಹಟ ಹಿಡಿದೆ. ಈಗಲೂ ಹೇಳುತ್ತೇನೆ, ಆ ಒಂದು ಮಾತಿನಲ್ಲಿ ನಾನು ಸರಿಯಿದ್ದೆ. ಇಡೀ ಕೆಲಸದಲ್ಲಿ ನಾನು ಸರಿಯಿದ್ದದ್ದು ಅಲ್ಲಿಗೇ ಮುಗಿಯುತ್ತದೆ.

ನೆಲ ಗರಸು. ಪಿಕಾಸಿ ಹಾಕಿದರೆ ಎಗರಿ ವಾಪಸು ಬರುತ್ತಿತ್ತು. ಲಾನಿನ ಗುತ್ತಿಗೆ ಹಿಡಿದ ತರೀಕೆರೆಯವರೊಬ್ಬರು ಬಂದು ನೋಡಿ, ಕೆಂಪು ಮಣ್ಣು ಹೊಡೆಸಬೇಕು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಜರಡಿ ಹಿಡಿದು ಹಾಕಬೇಕು ಎಂದರು. ಮಣ್ಣು ಹೊಡೆಸೋಣ ಎಂದೆ. ಗೊಬ್ಬರದ ಮಾತಿಗೆ ಮಾತ್ರ ನಕ್ಕುಬಿಟ್ಟೆ.

"ನಮ್ಮ ಕಡೆ ಗೊಬ್ಬರ ಲಾರೀಲಿ ಬರಲ್ಲ ಸ್ವಾಮಿ, ನಾಕು ಕಾಲಲ್ಲಿ ನಡ್ಕಂಡು ಬರ್ತದೆ. ಕುರಿಮಂದೆ ನಿಲ್ಲಿಸ್ತೀನಿ" ಎಂದೆ.

ನಮ್ಮ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಯಿಲ್ಲದ ಕಾಲದಲ್ಲಿ ಕುರಿಯವರನ್ನು ಕರೆದು ಕೆಲವು ರಾತ್ರಿ ಹೊಲದಲ್ಲೇ ಮಂದೆ ನಿಲ್ಲಿಸಿಕೊಳ್ಳುತ್ತೇವೆ. ಬಲೆ ಕಟ್ಟಿ ಅದರೊಳಗೆ ಕುರಿ ಕೂಡುತ್ತಾರೆ, ಮರುದಿನ ಬಲೆಯನ್ನು ಪಕ್ಕದ ತುಂಡಿಗೆ ಸರಿಸುತ್ತಾರೆ. ಹಿಕ್ಕೆಯೂ ಗಂಜಲವೂ ಬಿದ್ದ ಜಾಗದಲ್ಲಿ ಮುಂದಿನ ರಾಗಿ ಕಪ್ಪಗೆ ಏಳುತ್ತದೆ. ಮಂದೆಯವರಿಗೆ ರಾಗಿಯೋ ದುಡ್ಡೋ ಕೊಟ್ಟು, ಇದ್ದಷ್ಟು ದಿನ ಊಟ ಕೊಡುವುದು ವಾಡಿಕೆ.

"ಹಸಿ ಗೊಬ್ಬರ ಲಾನಿಗೆ ಬ್ಯಾಡ ಸರ್, ಕಳೆ ಬರ್ತದೆ" ಎಂದರು ಗುತ್ತಿಗೆದಾರರು.

"ಬಂದ್ರೆ ಕೀಳೋಣ" ಎಂದೆ. ಅವರು ಭುಜ ಕುಣಿಸಿ ಸುಮ್ಮನಾದರು, ಬಿಲ್ಲು ಆಗುವುದಿದ್ದರೆ ಯಾವ ಗೊಬ್ಬರವಾದರೇನು ಅವರಿಗೆ.

ಎಂಎಸ್ಸಿ ತರಗತಿಯಲ್ಲಿ ಮಂದೆಯ ವಿಷಯ ಹೇಳಿದಾಗ ಹುಡುಗರು ಬ್ಯಾ ಎಂದು ಕೂಗಿ ನಕ್ಕರು. ತರಗತಿ ಮುಗಿದ ಮೇಲೆ ಯಗಟಿ ಕಡೆಯ ಒಬ್ಬ ವಿದ್ಯಾರ್ಥಿನಿ ಬಾಗಿಲ ಬಳಿ ನಿಂತಿದ್ದಳು. ಮೊದಲ ಬೆಂಚಿನವಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು.

"ಸರ್, ನಮ್ಮಪ್ಪನದೇ ಮಂದೆ ಐತೆ. ಈಗ ಅಜ್ಜಂಪುರದ ಕಡೆ ಹೋಗವ್ರೆ. ಹೇಳಿದ್ರೆ ಬತ್ತಾರೆ" ಎಂದಳು. ಹೊರಡುವಾಗ ತಿರುಗಿ, "ಕ್ಲಾಸಲ್ಲಿ ಮಾತ್ರ ಹೇಳ್ಬೇಡಿ ಸರ್" ಎಂದಳು.

ಹೇಳಬೇಡ ಎಂದದ್ದನ್ನೇ ನಾನು ಮರುದಿನ ಹೇಳಿದೆ. ಕೆಟ್ಟ ಮನಸ್ಸಿನಿಂದಲ್ಲ, ಸಂತೋಷ ತಡೆಯಲಾರದೆ. "ನೋಡ್ರೋ, ನಿಮ್ಮ ಜೊತೆಗಾತಿ ಅಪ್ಪಂದೇ ಮಂದೆ. ಅವರಿಂದಲೇ ನಿಮಗೆ ಲಾನು ಬರೋದು" ಎಂದೆ. ಅವಳು ತಲೆ ತಗ್ಗಿಸಿದಳು. ಆದರೆ ಮಂದೆ ಬಂದ ಸಂಜೆ ಅವಳ ಸಂಕೋಚವೆಲ್ಲ ಎಲ್ಲಿ ಹೋಯಿತೋ, ಮರಿಯೊಂದನ್ನು ಎತ್ತಿಕೊಂಡು ಗೆಳತಿಯರಿಗೆ ತೋರಿಸುತ್ತಾ ಓಡಾಡಿದಳು. ಎಲ್ಲರೂ ಮರಿ ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಅವಳಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ದೂರ ನಿಂತು ಮಗಳನ್ನೇ ನೋಡುತ್ತಿದ್ದರು. ಅವಳು ಕಾಲೇಜಿನಲ್ಲಿ ಹೀಗೆ ನಗುವುದನ್ನು ನಾನೂ ಅವತ್ತೇ ನೋಡಿದ್ದು.

ಯುಗಾದಿ ಕಳೆದ ಬಿಸಿಲುಗಾಲ. ಬಯಲಿನಲ್ಲಿ ಹಸಿರು ಅನ್ನುವುದೇ ಇರಲಿಲ್ಲ. ಕುರಿಗಳು ಮಾತ್ರ ಚೆನ್ನಾಗಿ ಮೈ ತುಂಬಿಕೊಂಡಿದ್ದವು. "ಏನು ಹಾಕ್ತೀರಪ್ಪ ಇವಕ್ಕೆ?" ಎಂದು ನಾನೇ ಕೇಳಿದೆ.

"ಕೆರೆ ಅಂಗಳದಾಗೆ ಬಳ್ಳಾರಿ ಜಾಲಿ ಕಾಯಿ ಉದುರಿ ಬಿದ್ದವೆ ಮೇಷ್ಟ್ರೇ. ಬೆಲ್ಲ ಇದ್ದಂಗಿರ್ತವೆ. ತಿಂದು ಮೈ ಹಿಡ್ದವೆ" ಎಂದರು ಅವರು ಹೆಮ್ಮೆಯಿಂದ.

ಕಿವಿಯಾರೆ ಕೇಳಿದೆ, ತಲೆಯನ್ನೂ ಆಡಿಸಿದೆ. ಪಕ್ಕದಲ್ಲಿದ್ದ ಇತಿಹಾಸದ ಮೇಷ್ಟ್ರಿಗೆ, "ಪ್ರೋಟೀನು ರೀ ಅದು" ಎಂದು ವಿವರಣೆಯನ್ನೂ ಕೊಟ್ಟೆ.

ಮಂದೆ ಹೋದ ಮೇಲೆ ಹೊಲದಲ್ಲಾದರೆ ಮೊದಲ ಮಳೆಗೆ ನೇಗಿಲು ಹೂಡುತ್ತಾರೆ. ಆಮೇಲೆ ಕುಂಟೆ, ಮತ್ತೆ ಬಿತ್ತನೆ, ಮತ್ತೆ ಎಡೆಕುಂಟೆ. ಎಷ್ಟು ಸಲ ನೆಲ ಕೆದಕುತ್ತೇವೆಂದು ನಾವು ಯಾರೂ ಲೆಕ್ಕ ಇಡುವುದಿಲ್ಲ, ಅದು ಮಂದೆ ನಿಲ್ಲಿಸುವುದರ ಭಾಗವೇ ಎಂದು ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ. ಹೊಲ ಅಂದಮೇಲೆ ಉಳುವುದು ಇದ್ದೇ ಇರುತ್ತದೆ. ನನ್ನ ಲಾನಿನಲ್ಲಿ ಉಳುವ ಮಾತೇ ಇರಲಿಲ್ಲ. ಸ್ಪ್ರಿಂಕ್ಲರಿನ ಪೈಪುಗಳನ್ನು ಮೊದಲೇ ಹೂತುಬಿಡಿ, ಆಮೇಲೆ ಅಗೆಯುವ ರಗಳೆ ಬೇಡ ಎಂದು ನಾನೇ ಹೇಳಿದ್ದೆ. ಗೇಣುದ್ದ ಆಳದಲ್ಲಿ ಪೈಪು. ಟ್ರಾಕ್ಟರು ಇಳಿದರೆ ಒಡೆದುಹೋಗುತ್ತದೆ. ಹಾಗಾಗಿ ಹಿಕ್ಕೆಯನ್ನು ಹಲ್ಲುಗುದ್ದಲಿಯಲ್ಲಿ ಕೆರೆದು ಹರಡಿ, ಮೇಲೆ ತೆಳ್ಳಗೆ ಮಣ್ಣು ಹಾಕಿ, ರೋಲರ್ ಎಳೆದು, ಗರಿಕೆ ಬೇರು ನಾಟಿ ಮಾಡಿ ನೀರು ಬಿಟ್ಟೆವು. ಗಟ್ಟಿ ಬೀಜ ಮೊಳೆಯಲು ಇದಕ್ಕಿಂತ ಒಳ್ಳೆಯ ಸಸಿಮಡಿಯನ್ನು ಬೇಕೆಂದರೂ ಮಾಡಲಾಗುತ್ತಿರಲಿಲ್ಲ.

ಗರಿಕೆ ಹಿಡಿಯಿತು. ಜೊತೆಗೆ ಬೇರೆ ಏನೋ ಸಣ್ಣ ಸಸಿಗಳೂ ಎದ್ದವು, ಹುಣಸೆ ಸಸಿಯ ಹಾಗೆ ಕಿರಿದಾದ ಎಲೆ. ಮಾಲಿ ತೋರಿಸಿದ. ಬಗ್ಗಿ ನೋಡಿದೆ, ಬೇಳೆಕಾಳಿನ ಬಳಗದ ಗಿಡ ಎಂದು ಗುರುತಿಸಿದೆ. "ಇರ್ಲಿ ಬಿಡಯ್ಯ, ನೆಲಕ್ಕೆ ಸಾರಜನಕ ಕೊಡ್ತವೆ" ಎಂದೆ. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ವರ್ಷಗಟ್ಟಲೆ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗುತ್ತಿದ್ದೆ.

ಹುಲ್ಲು ಕತ್ತರಿಸುವ ಯಂತ್ರ ಬಂತು. ಸಸಿಗಳ ತಲೆ ಹಾರಿತು, ಕಣ್ಣಿಗೆ ಲಾನು ಸಮನಾಗಿ ಕಂಡಿತು. ಆದರೆ ಜಾಲಿಯನ್ನು ಮೇಲೆ ಕೊಯ್ದರೆ ಅದು ಸಾಯುವುದಿಲ್ಲ, ಬುಡದಿಂದ ಕವಲು ಕವಲಾಗಿ ಒಡೆಯುತ್ತದೆ. ಕೊಯ್ದಷ್ಟೂ ಬುಡ ದಪ್ಪವಾಗುತ್ತಾ, ನೆಲಕ್ಕೆ ಅಂಟಿಕೊಂಡೇ ಹರಡುತ್ತಾ ಹೋಯಿತು. ಮುಳ್ಳು ಗರಿಕೆಯ ಒಳಗೆ ಮುಚ್ಚಿಕೊಂಡಿತ್ತು. ಹುಲ್ಲು ಬಲಿಯಲಿ ಎಂದು ಯಾರನ್ನೂ ಒಳಗೆ ಬಿಡದೆ ಸುತ್ತ ಹಗ್ಗ ಕಟ್ಟಿದ್ದೆವು. ಯಂತ್ರ ತಳ್ಳುವ ಮಾಲಿ ಬೂಟು ಹಾಕಿರುತ್ತಿದ್ದ. ನಾನು ಹಗ್ಗದ ಹೊರಗೆ ನಿಂತು ನೋಡಿ ಸಂತೋಷಪಡುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಹಗ್ಗ ಬಿಚ್ಚುವ ಕಾರ್ಯಕ್ರಮ ಇಟ್ಟುಕೊಂಡೆವು. ವಿಶ್ವವಿದ್ಯಾಲಯದ ಕಡೆಯಿಂದ ಹಿರಿಯರೊಬ್ಬರು ಬಂದಿದ್ದರು. ಮೈಕು ನನ್ನ ಕೈಗೆ ಬಂತು. "ಇದು ನೋಡುವ ಲಾನ್ ಅಲ್ಲ, ಕೂರುವ ಲಾನ್. ಇನ್ನು ಟ್ಯಾಂಕಿನ ಕೆಳಗೆ ಯಾರೂ ಉಣ್ಣಬೇಕಾಗಿಲ್ಲ. ಎಲ್ಲರೂ ಚಪ್ಪಲಿ ಬಿಟ್ಟು ಬನ್ನಿ, ಹುಲ್ಲಿನ ತಂಪು ಕಾಲಿಗೆ ತಾಗಲಿ" ಎಂದೆ.

ಚಪ್ಪಲಿ ಬಿಟ್ಟು ಓಡಿ ಬಂದರು. ಮುಂದೆ ಓಡಿದ ಹುಡುಗಿಯರು ಅಮ್ಮಾ ಎಂದು ಕೂಗಿ ಒಂಟಿ ಕಾಲಲ್ಲಿ ಕುಣಿದಾಗ ಹಿಂದಿನವರಿಗೆ ಆಟವೆನಿಸಿತು, ಅವರೂ ನುಗ್ಗಿದರು. ಅಷ್ಟರಲ್ಲಿ ಆ ಹಿರಿಯ ಅತಿಥಿಗಳು, ಯುವಜನರ ಜೊತೆ ನಾನೂ ನೆಲದ ಮೇಲೇ ಕೂರುತ್ತೇನೆಂದು ಪಂಚೆ ಮಡಚಿಕೊಂಡು ಕೂತೇಬಿಟ್ಟರು. ಕೂತಷ್ಟೇ ಬೇಗ ಎದ್ದರು. ತರೀಕೆರೆಯ ಒಬ್ಬ ಹುಡುಗಿಯ ಅಂಗಾಲಲ್ಲಿ ಮುಳ್ಳು ಮುರಿದು ಒಳಗೇ ಉಳಿಯಿತು, ಅವಳನ್ನು ಆಸ್ಪತ್ರೆಗೆ ಕಳಿಸಬೇಕಾಯಿತು. ಉಳಿದವರು ನಿಂತಲ್ಲೇ ನಿಂತು ಅಳುತ್ತಲೂ ನಗುತ್ತಲೂ ಒಬ್ಬರ ಕಾಲಿನ ಮುಳ್ಳನ್ನು ಒಬ್ಬರು ತೆಗೆಯುತ್ತಿದ್ದರು. ಮೊಬೈಲುಗಳು ಇದನ್ನೆಲ್ಲ ಹಿಡಿಯುತ್ತಿದ್ದವು. ನನ್ನ ಕೈಯಲ್ಲಿ ಮೈಕು ಇನ್ನೂ ಹಾಗೇ ಇತ್ತು.

ಮೊಣಕಾಲೂರಿ ಗರಿಕೆ ಬಿಡಿಸಿದೆ. ಒಂದು ಬುಡ ಹಿಡಿದು ಎಳೆದೆ, ಬರಲಿಲ್ಲ, ಅಂಗೈ ಹರಿಯಿತು. ಪಕ್ಕದಲ್ಲಿ ಯಾರೋ ಕೂತರು. ಅದೇ ವಿದ್ಯಾರ್ಥಿನಿ.

"ಸರ್, ಜಾಲಿ" ಎಂದಳು. ಅವಳು ಮೆಲ್ಲಗೆ, "ಗಟ್ಟಿ ಸಿಪ್ಪೆ ಬೀಜ ಕುರಿ ಹೊಟ್ಟೇಲಿ ಹಾದು ಬಂದ್ರೆ ಬೇಗ ಮೊಳೀತದೆ ಅಂತ ನೀವೇ ಪಾಠ ಮಾಡಿದ್ರಲ್ಲ ಸರ್. ಬೋರ್ಡ್ ಮೇಲೆ ಕುರಿ ಚಿತ್ರನೂ ಬರ್ದಿದ್ರಿ. ನಂಗೂ ಹೊಳೀಲಿಲ್ಲ ನೋಡಿ" ಎಂದಳು.

ಆಕ್ಷೇಪ ಇರಲಿಲ್ಲ ಅವಳ ಮಾತಿನಲ್ಲಿ. ನನ್ನ ಜೊತೆ ತಾನೂ ಪೆದ್ದಿಯಾದೆ ಎಂದು ಪಾಲು ತೆಗೆದುಕೊಳ್ಳುತ್ತಿದ್ದಳು. ನಿಜ, ಮಂದೆ ಬರುವುದಕ್ಕೆ ಕೆಲವೇ ವಾರ ಮೊದಲು ಆ ಪಾಠ ಮಾಡಿದ್ದೆ. ಬಳ್ಳಾರಿ ಜಾಲಿಯ ಹೆಸರನ್ನೇ ಉದಾಹರಣೆಗೆ ತೆಗೆದುಕೊಂಡಿದ್ದೆ.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ನಗಿಸುವ ಪ್ರಸಂಗದ ಹಾಗೆ ಹೇಳಬಹುದಿತ್ತು. ಮರುದಿನ ನಿರ್ದೇಶಕರು ಎಲ್ಲರನ್ನೂ ಕೂರಿಸಿಕೊಂಡು, "ಏನ್ರೀ ಇದು, ಎಲ್ಲಿಂದ ಬಂತು ಆ ಮುಳ್ಳು?" ಎಂದು ಕೇಳಿದರು.

"ಮಂದೆಯಿಂದ ಬಂದಿದೆ ಸರ್" ಎಂದೆ.

ಸುಳ್ಳಲ್ಲ. ಅದಕ್ಕೇ ಅದು ಅಷ್ಟು ಸಲೀಸಾಗಿ ಬಾಯಿಗೆ ಬಂತು.

"ಅಂದ್ರೆ ಆ ಕುರಿಯೋರು ಎಲ್ಲೋ ಜಾಲಿ ಮೇಯಿಸ್ಕಂಡು ಬಂದು ಇಲ್ಲಿ ಬಿಟ್ಟು ಹೋಗವ್ರೆ. ಎಂಥಾ ಜನ ಕಣ್ರೀ" ಎಂದರು ಅವರು.

ಅವರ ಮಾತಿಗೂ ಟೀ ಬರುವುದಕ್ಕೂ ನಡುವೆ ಉತ್ತರ ಹೇಳಲು ಬೇಕಾದಷ್ಟು ಹೊತ್ತು ಇತ್ತು. ಬೇಸಿಗೆಯಲ್ಲಿ ಎಲ್ಲ ಮಂದೆಗಳೂ ಜಾಲಿಕಾಯಿ ತಿನ್ನುತ್ತವೆ ಸರ್, ಆಮೇಲೆ ನೆಲ ಉಳಬೇಕು, ಉಳಲಾಗದಂತೆ ಪೈಪು ಹೂಳಿಸಿದವನು ನಾನು ಎನ್ನಬಹುದಿತ್ತು. ಟೀ ಬಂತು, ಲೋಟ ಎತ್ತಿಕೊಂಡೆ. ಅಕ್ಕಪಕ್ಕದವರು ನಕ್ಕರು. ನಾನೂ ತುಸು ನಕ್ಕೆ ಅಂತ ಕಾಣುತ್ತದೆ.

ಸಭೆಯ ಮಾತು ಹೊರಗೆ ಹೋಗಲು ಎಷ್ಟು ಹೊತ್ತು ಬೇಕು? ಹುಡುಗಿಯರು ಕುಂಟುವ ವಿಡಿಯೋಗೆ ಯಾರೋ "ಯಗಟಿ ಜಾಲಿ ಮಂದೆ" ಎಂದು ಹೆಸರು ಕೊಟ್ಟು ವಾಟ್ಸಾಪಿನಲ್ಲಿ ಬಿಟ್ಟರು. ಆ ಯಗಟಿ ಹುಡುಗಿ ತರಗತಿಗೆ ಬಂದರೆ ಹಿಂದಿನ ಬೆಂಚಿನಿಂದ "ಜಾಲಿ ಬಂತು, ಕಾಲು ಎತ್ಕೊಳ್ರೋ" ಎನ್ನುವ ದನಿ. ಎರಡು ಸಲ ನನ್ನ ಕಿವಿಗೇ ಬಿತ್ತು. ಸೈಲೆನ್ಸ್ ಎಂದು ಗದರಿಸಿ ಪಾಠ ಮುಂದುವರಿಸಿದೆ. ಆಮೇಲೆ ಅವಳು ಬರುವುದನ್ನು ನಿಲ್ಲಿಸಿದಳು.

ನಾನು ಲಾನಿನ ಕೆಲಸಕ್ಕೆ ಬಿದ್ದೆ. ಮತ್ತೆ ಹಗ್ಗ ಕಟ್ಟಿಸಿ ಆಳುಗಳಿಂದ ಕೀಳಿಸಿದೆ. ಬುಡ ಮುರಿಯಿತು, ಬೇರು ಉಳಿಯಿತು, ವಾರ ಕಳೆಯುವಷ್ಟರಲ್ಲಿ ಮತ್ತೆ ಚಿಗುರಿತು. ಗುದ್ದಲಿಯಲ್ಲಿ ಬೇರಿನ ಕತ್ತಿನ ಕೆಳಗೆ ಕಡಿಸಿದೆ, ಪೈಪು ತೂತಾಗಿ ನೀರು ಚಿಮ್ಮಿತು. ಗುತ್ತಿಗೆದಾರರು ಔಷಧಿ ಹೊಡೆಯೋಣ ಎಂದರು, ಹುಡುಗಿಯರು ಕೂತು ಉಣ್ಣುವ ಜಾಗಕ್ಕೆ ವಿಷ ಬೇಡ ಎಂದೆ. ಉಳಿದದ್ದು ಒಂದೇ ದಾರಿ, ಪೈಪು ಕಿತ್ತು ಟ್ರಾಕ್ಟರು ಇಳಿಸಿ ಎಲ್ಲವನ್ನೂ ಬುಡಮೇಲು ಮಾಡುವುದು. ಅದು ನನಗೆ ಮೊದಲ ದಿನವೇ ಗೊತ್ತಿತ್ತು. ಮಾಡಲಿಲ್ಲ. ಲಾನಿಗೆ ನೇಗಿಲು ಹೂಡಿದರೆ, ಮೊದಲೇ ಯಾಕೆ ಹೂಡಲಿಲ್ಲ ಎಂದು ಯಾರಾದರೂ ಕೇಳುತ್ತಾರೆ ಅನ್ನುವ ಹೆದರಿಕೆ.

ಒಂದು ದಿನ ಅವಳ ಗೆಳತಿಯನ್ನು ಕರೆದು ವಿಚಾರಿಸಿದೆ. "ಅವಳು ಬರಲ್ಲ ಸರ್. ಅವರಪ್ಪನ ಮಂದೇನ ಯಾರೂ ಹೊಲಕ್ಕೆ ಕರೀತಿಲ್ವಂತೆ. ಕಾಲೇಜಿಗೆ ಯಾಕೆ ಹೇಳ್ದೆ ಅಂತ ಮನೇಲಿ ಅವಳಿಗೇ ಬೈತಾವ್ರೆ" ಎಂದಳು ಅವಳು ನೆಲ ನೋಡುತ್ತಾ.

ಭಾನುವಾರ ಬೈಕು ಹತ್ತಿ ಯಗಟಿ ಕಡೆ ಹೊರಟೆ. ರಾಗಿ ಕೊಯ್ಲು ಮುಗಿದು ಹೊಲಗಳು ಖಾಲಿಯಾದ ಕಾಲ, ಮಂದೆಗೆ ಒಳ್ಳೆ ಗಿರಾಕಿ ಇರುವ ಕಾಲ. ಆ ಮಂದೆ ರಸ್ತೆ ಪಕ್ಕದ ಬೀಳು ನೆಲದಲ್ಲಿ ಬಲೆ ಕಟ್ಟಿಕೊಂಡಿತ್ತು. ಯಾರಿಗೂ ಬೇಡದ ಜಾಗದಲ್ಲಿ ಗೊಬ್ಬರ ಬೀಳುತ್ತಿತ್ತು.

ಅವಳಪ್ಪ ನನ್ನನ್ನು ನೋಡಿ ಎದ್ದು ನಿಂತರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ದೇವನೂರಿನ ತೆಂಗಿನ ತೋಟದೋರು ವರ್ಷಾ ವರ್ಷಾ ಕರೆಯೋರು ಮೇಷ್ಟ್ರೇ. ಈ ಸಲ ಫೋನ್‌ನಾಗೆ ಏನೋ ತೋರ್ಸಿ, ಬ್ಯಾಡ ಕಣಯ್ಯ ಅಂದ್ಬಿಟ್ರು" ಎಂದರು.

"ತಪ್ಪು ನಂದು" ಎಂದೆ.

"ಅದು ನಂಗೆ ಗೊತ್ತು. ನಂಗೆ ಹೇಳಿ ಏನು ಬಂತು?" ಎಂದು ಬಲೆಯ ಗೂಟ ಒತ್ತಿದರು. "ನೀವು ಉಳ್ತೀರಿ ಅಂದ್ಕಂಡು ನಾನು ಹೇಳ್ಲಿಲ್ಲ. ನೆಲಕ್ಕೆ ಗೊಬ್ಬರ ಹಾಕಿ ಉಳ್ದೆ ಬಿಡೋರ್ನ ನಾನೂ ನೋಡಿರಲಿಲ್ಲ. ಅದು ಹೋಗ್ಲಿ. ಪಂಚನಹಳ್ಳೀಲಿ ನಿಮ್ದೇ ಹೊಲ ಐತಂತಲ್ಲ, ನನ್ ಮಂದೇನ ಅಲ್ಲಿಗೆ ಕರೀರಿ. ನಾಕು ಜನ ನೋಡ್ಲಿ. ಮೇಷ್ಟ್ರೇ ತನ್ನ ಹೊಲಕ್ಕೆ ಕರ್ದವ್ನೆ ಅಂದ್ರೆ ಉಳಿದೋರೂ ಕರೀತಾರೆ."

ಕ್ಷಮೆ ಕೇಳಲು ಹೋದವನಿಗೆ ಅವರು ಕೆಲಸ ಹೇಳಿದರು. ಅಲ್ಲೇ ನಿಂತು ಅಣ್ಣನಿಗೆ ಫೋನು ಮಾಡಿದೆ.

"ಲೇ, ಆ ಜಾಲಿ ಮಂದೇನಾ? ನಮ್ಮೂರಿಗೂ ಬಂದೈತೆ ಕಣೋ ಆ ವಿಡಿಯೋ. ಹೊಲ ತುಂಬಾ ಮುಳ್ಳಾದ್ರೆ ನೀನು ಬಂದು ಕೀಳ್ತೀಯಾ?" ಎಂದು ನಕ್ಕ ಅಣ್ಣ. ಮಂದೆಯ ಯಜಮಾನರು ಎದುರಿಗೇ ಇದ್ದರು, ಅಣ್ಣನ ದನಿ ಅವರಿಗೂ ಕೇಳಿಸುತ್ತಿತ್ತು. ಆದದ್ದನ್ನು ಮೊದಲಿನಿಂದ ಹೇಳಿದೆ, ಪೈಪಿನ ವಿಷಯ, ಸಾರಜನಕದ ವಿಷಯ, ಸಭೆಯಲ್ಲಿ ಟೀ ಕುಡಿದದ್ದು.

"ಉಳ್ದೆ ಬಿಟ್ರೆ ಯಾರ ಮಂದೆ ಆದ್ರೇನೋ, ಮುಳ್ಳು ಏಳದೆ ಇರ್ತದಾ? ಮೇಷ್ಟ್ರಾಗಿ ಇಷ್ಟೂ ತಿಳೀಲಿಲ್ವಾ?" ಎಂದ ಅಣ್ಣ. ಆಮೇಲೆ, "ಕರ್ಕಂಬಾ. ಆದ್ರೆ ಮಂದೆ ಇರೋಗಂಟ ನೀನೂ ಇರ್ಬೇಕು. ಕೇಳೋರಿಗೆಲ್ಲ ನಾನು ಉತ್ತರ ಹೇಳಕ್ಕಾಗಲ್ಲ" ಎಂದ.

ರಜೆ ಹಾಕಿ ಊರಿಗೆ ಹೋದೆ. ನಮ್ಮ ಹೊಲ ಬಸ್ಸು ಓಡಾಡುವ ರಸ್ತೆಗೇ ತಾಗಿಕೊಂಡಿದೆ. ಮಂದೆ ಬಂದು ನಿಂತಾಗ ದಾರಿಯಲ್ಲಿ ಹೋಗುವವರೆಲ್ಲ ಬೈಕು ನಿಲ್ಲಿಸಿ, "ಇದು ಆ ಮಂದೆ ಅಲ್ವಾ?" ಎಂದು ಕೇಳಿದರು. ಬದುವಿನ ಮೇಲೆ ನಿಂತು ಪ್ರತಿಯೊಬ್ಬರಿಗೂ ಹೇಳಿದೆ, ಹೌದು ಅದೇ ಮಂದೆ, ಮಂದೆಯದು ತಪ್ಪಿಲ್ಲ, ನಾನು ನೆಲ ಉಳುಮೆ ಮಾಡಿಸಲಿಲ್ಲ ಎಂದು. ಕೆಲವರು ಬೇಕೆಂದೇ ಎರಡನೆಯ ಸಲ ಕೇಳಿ ಹೇಳಿಸಿಕೊಂಡರು. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದ ಅಜ್ಜಿಯೊಬ್ಬರು, "ಅಯ್ಯೋ ಮಗನೇ, ಮಕ್ಕಳು ಬರಿಗಾಲಲ್ಲಿ ತುಳಿದ್ವಂತಲ್ಲೋ" ಎಂದಾಗ ಮಾತ್ರ ಬದು ಇಳಿದು ಕುರಿಗಳ ಕಡೆ ಹೋದೆ. ಎರಡೂ ಹೊತ್ತು ಅತ್ತಿಗೆ ಮಾಡಿದ ಮುದ್ದೆ, ಸಾರು ಮಂದೆಯ ಬಳಿಗೆ ನಾನೇ ಹೊತ್ತುಕೊಂಡು ಹೋಗುತ್ತಿದ್ದೆ.

ಬಲೆ ಸರಿಸಿದ ಕಡೆಯೆಲ್ಲ ಅಣ್ಣ ಟ್ರಾಕ್ಟರು ಹೊಡೆದ. ಅದನ್ನು ನೋಡಿದ ಮೇಲೆ ಪಕ್ಕದ ತೆಂಗಿನ ತೋಟದವರು ಬಂದು, ನಮ್ಮಲ್ಲೂ ನಿಲ್ಲಿಸಿ ಎಂದು ಕರೆದರು. ಮಂದೆಯ ಯಜಮಾನರ ಮುಖ ಸ್ವಲ್ಪ ಸಡಿಲವಾಯಿತು. "ನಂದು ಸರಿಹೋಯ್ತು ಮೇಷ್ಟ್ರೇ. ಮಗಳ ಹತ್ರ ನೀವೇ ಮಾತಾಡಿ, ನನ್ ಮಾತು ಕೇಳಲ್ಲ ಅವ್ಳು" ಎಂದರು.

ಅವಳಿಗೆ ಫೋನು ಮಾಡಿದೆ. ನಾನು ಪಂಚನಹಳ್ಳಿಯಲ್ಲಿ ಎಲ್ಲರಿಗೂ ನಿಜ ಹೇಳಿದೆನಮ್ಮ, ಇನ್ನು ಕಾಲೇಜಿಗೆ ಬಾ ಎಂದೆ. ದೊಡ್ಡ ಕೆಲಸ ಮಾಡಿದವನ ದನಿಯೇ ಇತ್ತು ನನ್ನದು.

"ಅಪ್ಪ ಹೇಳಿದ್ರು ಸರ್" ಎಂದಳು. ಆಮೇಲೆ, "ಪಂಚನಹಳ್ಳೀಲಿ ನನ್ನ ನೋಡಿ ನಕ್ಕೋರು ಯಾರೂ ಇಲ್ಲ ಸರ್" ಎಂದಳು.

ಫೋನು ಇಟ್ಟ ಮೇಲೆ ಬಹಳ ಹೊತ್ತು ಬದುವಿನ ಮೇಲೇ ಕೂತಿದ್ದೆ. ಊರವರ ಎದುರು ಹೇಳುವುದು ಕಷ್ಟ ಎಂದುಕೊಂಡಿದ್ದೆನಲ್ಲ, ಅದು ಕಷ್ಟವೇ ಅಲ್ಲ. ಊರಿನಲ್ಲಿ ನಾನು ಅಣ್ಣನ ತಮ್ಮ, ನಾಳೆ ಮರೆತುಬಿಡುತ್ತಾರೆ. ನನ್ನ ಮರ್ಯಾದೆ ಇರುವುದೆಲ್ಲ ಆ ಕ್ಯಾಂಪಸ್ಸಿನಲ್ಲಿ, ಅಲ್ಲಿ ಹೇಳದೆ ಉಳಿಸಿಕೊಂಡಿದ್ದೆ. ಅವಳು ಅದನ್ನು ನೋಡಿಬಿಟ್ಟಿದ್ದಳು.

ಸೋಮವಾರ ನಿರ್ದೇಶಕರ ಕೊಠಡಿಗೆ ಹೋಗಿ, ಲಾನಿಗೆ ಟ್ರಾಕ್ಟರು ಇಳಿಸಿ ಉಳುಮೆ ಮಾಡಿಸುತ್ತೇನೆ, ಯಾಕೆಂದು ವಿದ್ಯಾರ್ಥಿಗಳಿಗೂ ಹೇಳುತ್ತೇನೆ ಎಂದೆ.

"ಮುಗಿದೋದ ವಿಷಯ, ಯಾಕ್ರೀ ಕೆದಕ್ತೀರಾ? ನಿಮ್ಮ ಹೆಸರೇ ಕೆಡೋದು" ಎಂದರು.

"ಕೆಡ್ಲಿ ಸರ್. ಈಗ ಕೆಟ್ಟಿರೋದು ಒಂದು ಮಗೂದು" ಎಂದೆ. ಅವರು ನನ್ನನ್ನೇ ನೋಡಿ, ಏನಾದರೂ ಮಾಡಿಕೊಳ್ಳಿ ಎನ್ನುವಂತೆ ಕೈ ಬೀಸಿದರು.

ಪೈಪುಗಳನ್ನೆಲ್ಲ ಕಿತ್ತು ಗೋಡೆಯ ಪಕ್ಕ ಪೇರಿಸಿದೆವು. ಟ್ರಾಕ್ಟರು ಬರುವ ದಿನವನ್ನು ಗೊತ್ತು ಮಾಡಿ ಅವಳ ಗೆಳತಿಯ ಕೈಲಿ ಹೇಳಿ ಕಳಿಸಿದೆ, ಒಂದು ದಿನದ ಮಟ್ಟಿಗೆ ಬರಲಿ, ಆಮೇಲೆ ಅವಳಿಷ್ಟ ಎಂದು. ಆ ಬೆಳಿಗ್ಗೆ ಎಲ್ಲ ಕಿಟಕಿಗಳಲ್ಲೂ ತಲೆಗಳು. ಕಲ್ಟಿವೇಟರಿನ ಹಲ್ಲಿಗೆ ಸಿಕ್ಕ ಜಾಲಿಯ ಬೇರುಗಳು ಮಾರುದ್ದ ಎದ್ದು ಬರುತ್ತಿದ್ದವು, ಜೊತೆಗೆ ತಿಂಗಳುಗಟ್ಟಲೆ ನೀರುಣಿಸಿದ ಗರಿಕೆಯೂ ಮಗುಚಿ ಬೀಳುತ್ತಿತ್ತು. ಬೇರು ಆರಿಸಿ ತೆಗೆದು, ಇನ್ನೊಂದು ಮಳೆಗೆ ಮೊಳೆತದ್ದನ್ನೂ ಕುಂಟೆ ಹೊಡೆಸಿ, ಆಮೇಲೆ ಹೊಸದಾಗಿ ಹುಲ್ಲು ನಾಟಬೇಕು. ಅದಕ್ಕೆ ಇನ್ನೂ ಕಾಲವಿದೆ. ಈ ವರ್ಷ ಓದು ಮುಗಿಸಿ ಹೋಗುವವರಿಗೆ ಆ ಜಾಗ ಸಿಗುವುದಿಲ್ಲ.

ತರಗತಿಗೆ ಹೋದೆ. ಅವಳು ಬಂದಿದ್ದಳು. ಮೊದಲ ಬೆಂಚಿನಲ್ಲಲ್ಲ, ಬಾಗಿಲಿಗೆ ಹತ್ತಿರದ ಕೊನೆಯ ಬೆಂಚಿನಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು. ಹೊರಗೆ ಟ್ರಾಕ್ಟರಿನ ಸದ್ದಿದ್ದರಿಂದ ನಾನು ಗಟ್ಟಿಯಾಗಿಯೇ ಹೇಳಬೇಕಾಯಿತು. ಮುಳ್ಳು ಹೇಗೆ ಬಂತು ಎಂದು ಹೇಳಿದೆ. ಈ ಕೋಣೆಯಲ್ಲೇ ನಾನು ಮಾಡಿದ ಪಾಠ, ನಾನೇ ಅದನ್ನು ಮರೆತದ್ದು, ಸಸಿ ಕಂಡಾಗ ಆಡಿದ ಮಾತು, ಸಭೆಯಲ್ಲಿ ಅರ್ಧ ನಿಜ ಹೇಳಿ ಬಾಯಿ ಮುಚ್ಚಿಕೊಂಡದ್ದು ಹೇಳಿದೆ. "ಹೇಳಬೇಡಿ ಎಂದದ್ದನ್ನು ನಿಮಗೆಲ್ಲ ಹೇಳಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ನೀವು ಅವಳನ್ನು ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಅವತ್ತೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಆ ಹೆಸರು ಇಡಬೇಕಾದದ್ದು ನನಗೆ" ಎಂದೆ.

ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗರು ಮೇಜು ನೋಡುತ್ತಿದ್ದರು. ಅವಳು ನನ್ನ ಕಡೆ ನೋಡಲಿಲ್ಲ. ನಾನು ಇನ್ನೂ ಏನೋ ಹೇಳಲು ಹೊರಟೆ, ಅವಳ ಹೆಸರು ಹಿಡಿದು ಕ್ಷಮೆ ಕೇಳಲು. ಅವಳು ಎದ್ದು ನಿಂತಳು. ಹೊರಟುಬಿಡುತ್ತಾಳೆ ಎಂದುಕೊಂಡೆ.

"ಸಾಕು ಸರ್" ಎಂದಳು. ಚೀಲವನ್ನು ಪಕ್ಕಕ್ಕಿಟ್ಟು ಕೂತಳು. "ಪಾಠ ಮಾಡಿ."

ಬೋರ್ಡಿನ ಕಡೆ ತಿರುಗಿದೆ. ಆ ಪೀರಿಯಡ್ಡು ಮುಗಿಯುವವರೆಗೆ ತರಗತಿಯ ಕಡೆ ಮುಖ ತಿರುಗಿಸಲು ನನ್ನಿಂದ ಆಗಲಿಲ್ಲ.